ಕೋರಿಕೆ ನಿಲುಗಡೆ

ಪ್ರಯಾಣಿಕರು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲಬೇಕಾದ ಜಾಗಗಳಿಗೆ ನಮ್ಮ ಸಾರಿಗೆ ಸಂಸ್ಥೆಯಲ್ಲಿ ಕೋರಿಕೆ ನಿಲುಗಡೆ ಎನ್ನುತ್ತಾರೆ. ಈ ಬೇಸಿಗೆ ನಮ್ಮ ಮನೆಯ ಕಾರಿನಲ್ಲೂ ಅದೇ ಪದ್ಧತಿ ತಂದೆ. ಹಿಂದಿನ ಸೀಟಿನಲ್ಲಿ ಕೂತ ಇಬ್ಬರು ಮೊಮ್ಮಕ್ಕಳಿಗೆ ದಿನಕ್ಕೆ ತಲಾ ಎರಡು ಕೋರಿಕೆ. ಅವರು ‘ತಾತಾ, ನಿಲ್ಸಿ’ ಎಂದ ಕಡೆ, ಗಾಡಿ ಪಕ್ಕಕ್ಕೆ ಹಾಕಲು ಜಾಗವಿದ್ದರೆ, ಯಾಕೆ ಏನು ಎಂದು ಕೇಳದೆ ನಿಲ್ಲಿಸುವುದು. ಅವರಿಗೆ ಸಾಕು ಅನ್ನಿಸುವವರೆಗೆ ಹಾರನ್ ಒತ್ತುವಂತಿಲ್ಲ. ದೊಡ್ಡವರಿಗೆ ಈ ಹಕ್ಕು ಇಲ್ಲ. ದೊಡ್ಡವರು ನಿಲ್ಲುವುದು ಊಟಕ್ಕೆ, ಪೆಟ್ರೋಲಿಗೆ, ದೇವಸ್ಥಾನಕ್ಕೆ.

ನಾನು ಮೈಸೂರಿನಲ್ಲಿ ಸಾರಿಗೆ ಸಂಸ್ಥೆಯ ಚಾಲಕನಾಗಿದ್ದು ನಿವೃತ್ತನಾದವನು. ಹೊಸಪೇಟೆ ಕಡೆಯ ರಾತ್ರಿ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ್ದೇನೆ. ಚಿತ್ರದುರ್ಗ ನನಗೆ ನಡುರಾತ್ರಿಯ ಒಂದು ಟೀ ಅಂಗಡಿಯಾಗಿತ್ತು. ಕೋಟೆ ಎಲ್ಲಿದೆ ಎಂದು ಗೊತ್ತಿತ್ತು, ಅದರ ಕೆಳಗೇ ನೂರಾರು ಸಲ ಹಾದಿದ್ದೆ, ಒಳಗೆ ಹೋದವನಲ್ಲ. ವೇಳಾಪಟ್ಟಿಯ ಪ್ರಕಾರ ಹೋಗುವವನಿಗೆ ಊರು ಕಾಣುವುದಿಲ್ಲ, ಮುಂದಿನ ನಿಲ್ದಾಣ ಕಾಣುತ್ತದೆ. ಅದು ನನ್ನ ಕೆಲಸವಾಗಿತ್ತು, ಸರಿ. ಆದರೆ ಈಗ ಮಕ್ಕಳ ಬೇಸಿಗೆ ರಜೆಯನ್ನೂ ಹಾಗೆಯೇ ಓಡಿಸುತ್ತಿದ್ದೇವಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ. ಶಿಬಿರಕ್ಕೂ ಗಂಟೆ, ಪ್ರವಾಸಕ್ಕೂ ಗಂಟೆ, ಎಲ್ಲಕ್ಕೂ ಫೋಟೊ.

ರಾಜ್ಯದ ಶಾಲೆಗಳಿಗೆ ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ ಬಂದು ಬಾಗಿಲು ಹಾಕಿದರೆ ಮೇ ಕೊನೆಗೇ ಮತ್ತೆ ತೆಗೆಯುವುದು. ನಮ್ಮ ಕಾಲದಲ್ಲಿ ಇಷ್ಟೂ ದಿನವನ್ನು ಅಜ್ಜಿಯ ಊರು ನುಂಗಿಹಾಕುತ್ತಿತ್ತು. ಈಗ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು. ಹಾಗಾಗಿ ಶಿಬಿರ ಬೇಕೇ ಬೇಕು. ಅದನ್ನು ಆಡಂಬರ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಎಂಥ ಶಿಬಿರ ಅನ್ನುವುದಷ್ಟೇ ಪ್ರಶ್ನೆ.

ಮಗಳ ಮಗ ಬೆಂಗಳೂರಿನವನು, ಒಂಬತ್ತು ವರ್ಷ. ಹೋದ ಬೇಸಿಗೆ ಅವರ ಮನೆ ಹತ್ತಿರದ ಒಂದು ಶಿಬಿರಕ್ಕೆ ಸೇರಿಸಿದ್ದರು. ಮುಕ್ಕಾಲು ಗಂಟೆ ರೋಬೋ, ಮುಕ್ಕಾಲು ಗಂಟೆ ಅಬ್ಯಾಕಸ್, ಆಮೇಲೆ ಯೋಗ, ಆಮೇಲೆ ಒಲೆ ಹಚ್ಚದ ಅಡುಗೆ, ಆಮೇಲೆ ಇಂಗ್ಲಿಷಿನಲ್ಲಿ ಮಾತಾಡುವ ತರಬೇತಿ. ಮಗು ಒಂದರಲ್ಲಿ ಮನಸ್ಸಿಟ್ಟು ಕೂರುವಷ್ಟರಲ್ಲಿ ಬೆಲ್. ಕೊನೆಯ ದಿನ ಬಣ್ಣದ ಪ್ರಮಾಣಪತ್ರ ಕೊಟ್ಟರು. ಏನು ಮಾಡಿದೆಯೋ ಎಂದು ಕೇಳಿದರೆ ಅವನಿಗೆ ಹೇಳಲು ಏನೂ ಇರಲಿಲ್ಲ. ಈ ಸಲ ಅವನನ್ನು ಮೈಸೂರಿಗೆ ಕರೆಸಿಕೊಂಡು, ಮಗನ ಮಗಳ ಜೊತೆ ರಂಗಾಯಣದ ಚಿಣ್ಣರ ಮೇಳಕ್ಕೆ ಸೇರಿಸಿದೆವು. ಅವಳಿಗೆ ಹನ್ನೊಂದು.

ಮೈಸೂರಿನವರಿಗೆ ಚಿಣ್ಣರ ಮೇಳವನ್ನು ಪರಿಚಯಿಸಬೇಕಿಲ್ಲ. ಅರ್ಜಿ ಕೊಡುವ ದಿನ ತಂದೆತಾಯಿಯರು ಬೆಳಗಾಗುವ ಮುಂಚೆ ಸಾಲು ನಿಲ್ಲುವುದು ಇಲ್ಲಿ ಪ್ರತಿ ವರ್ಷದ ಸುದ್ದಿ. ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ರಂಗಾಯಣ ಸರ್ಕಾರದ ನಾಟಕ ಸಂಸ್ಥೆ, 1989ರಲ್ಲಿ ಬಿ.ವಿ. ಕಾರಂತರ ಮುಂದಾಳುತನದಲ್ಲಿ ಶುರುವಾಯಿತು. ಕಾರಂತರು ಚಿಕ್ಕಂದಿನಲ್ಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲೇ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಕಟ್ಟಿದ್ದರು. ಅದಕ್ಕೂ ಎಷ್ಟೋ ಮುಂಚೆ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಕಲಿಸುವ ತಮ್ಮದೇ ಪ್ರಯೋಗಗಳನ್ನು ಮಾಡಿದ್ದರು. ಮಗುವಿಗೆ ಪಾಠ ತುಂಬುವ ಬದಲು ಅದರ ಕೈಗೆ ಏನಾದರೂ ಕೊಟ್ಟು ಬಿಡುವ ಈ ದಾರಿ ಕನ್ನಡ ನಾಡಿಗೆ ಹೊಸದಲ್ಲ. ಬೇಸಿಗೆ ಶಿಬಿರ ಹೊರಗಿನಿಂದ ಬಂದ ಶೋಕಿ ಅನ್ನುವವರು ಇದನ್ನು ನೆನೆಯಬೇಕು.

ಬೆಳಿಗ್ಗೆ ಇಬ್ಬರನ್ನೂ ಸ್ಕೂಟರಿನಲ್ಲಿ ಕಲಾಮಂದಿರದ ಆವರಣಕ್ಕೆ ಬಿಟ್ಟು ಬರುವುದು, ಸಂಜೆ ಕರೆತರುವುದು ನನ್ನ ಪಾಲಿನ ಕೆಲಸ. ಸಂಜೆ ಬೇಕೆಂದೇ ಅರ್ಧ ಗಂಟೆ ಮುಂಚೆ ಹೋಗಿ ಮರದ ಕೆಳಗೆ ಕೂರುತ್ತಿದ್ದೆ. ನೂರಾರು ಮಕ್ಕಳು. ಬೆಂಚಿಲ್ಲ, ಪರೀಕ್ಷೆಯಿಲ್ಲ, ಮೊದಲ ಬಹುಮಾನವಿಲ್ಲ. ಮಕ್ಕಳನ್ನು ತಂಡಗಳಾಗಿ ಮಾಡಿರುತ್ತಾರೆ. ತಂಡಕ್ಕೊಂದು ನಾಟಕ, ಜೊತೆಗೆ ಹಾಡು, ಮುಖವಾಡ, ಮಣ್ಣಿನ ಕೆಲಸ, ಕಂಸಾಳೆ. ಒಂದು ದಿನ ಸಂತೆ ಇಟ್ಟರು. ಮಕ್ಕಳೇ ಸೊಪ್ಪು, ಸೌತೆಕಾಯಿ, ಮಾವಿನಕಾಯಿ ಹರಡಿಕೊಂಡು ಕೂಗಿ ಮಾರಿದರು. ನಮ್ಮ ಹುಡುಗ ಚಿಲ್ಲರೆ ಎಣಿಸಿ ಕೊಡುವುದನ್ನು ಕಲಿತದ್ದು ಅಲ್ಲಿ. ಅವನ ಮನೆಯಲ್ಲಿ ಎಲ್ಲವೂ ಫೋನಿನಲ್ಲಿ ಪಾವತಿ, ನಾಣ್ಯವನ್ನು ಕೈಯಲ್ಲಿ ಹಿಡಿದು ಲೆಕ್ಕ ಮಾಡಿದ ಮಗುವೇ ಅಲ್ಲ.

ದೊಡ್ಡವಳಿಗೆ ನಾಟಕದಲ್ಲಿ ಸಿಕ್ಕಿದ್ದು ಕೋತಿಗಳ ಗುಂಪಿನಲ್ಲಿ ಒಂದು ಕೋತಿ. ಮಾತಿಲ್ಲ. ಮೊದಲ ದಿನ ಮುಖ ಚಿಕ್ಕದು ಮಾಡಿಕೊಂಡು ಬಂದಳು. ಅವಳ ತಂಡದ ಮೇಷ್ಟ್ರು ಹೇಳಿಕೊಟ್ಟ ಕೆಲಸ ಬಹಳ ಚೆನ್ನಾಗಿತ್ತು: ‘ಕೋತಿ ಹೇಗೆ ಕೂರತ್ತೆ ಅಂತ ನೋಡ್ಕೊಂಡು ಬಾ. ಕುಣಿಯೋದು ಆಮೇಲೆ.’ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮೆಟ್ಟಿಲ ಬದಿಯಲ್ಲಿ ಬೆಳಿಗ್ಗೆಯೆಲ್ಲ ಕೂತು ನೋಡಿದಳು. ಕೋತಿ ತಿರುಗುವಾಗ ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಕುತ್ತಿಗೆ, ಮೈ ಕೊನೆಗೆ. ಇದನ್ನು ಕಂಡುಹಿಡಿದದ್ದು ಅವಳೇ, ನನಗೆ ತೋರಿಸಿದ್ದೂ ಅವಳೇ. ಚಿಕ್ಕವನನ್ನು ಹಿಮ್ಮೇಳದಲ್ಲಿ ತಮಟೆಗೆ ಹಾಕಿದರು. ಕೈ ಕೆಂಪಾಗುವವರೆಗೆ ಬಡಿದು, ಮನೆಗೆ ಬಂದು ಊಟದ ತಟ್ಟೆಯ ಮೇಲೂ ತಾಳ ಹಾಕುತ್ತಿದ್ದ. ಅವನ ಅಜ್ಜಿ ಬೈಯಲಿಲ್ಲ, ಸ್ಟೀಲಿನ ತಟ್ಟೆ ಎತ್ತಿಟ್ಟು ಮರದ ಮಣೆ ಕೊಟ್ಟಳು.

ಇಂಥ ಶಿಬಿರ ಎಲ್ಲ ಊರಲ್ಲೂ ಇರಲಾರದು. ಆದರೆ ಇರುವುದನ್ನು ಹುಡುಕುವವರೂ ಕಡಿಮೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನ ಬೇಸಿಗೆ ಶಿಬಿರ ನಡೆಸುತ್ತದೆ. ಮೈಸೂರಿನ ಮೃಗಾಲಯದಲ್ಲಿ, ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದಲ್ಲಿ ಮಕ್ಕಳಿಗೆ ಕಾರ್ಯಕ್ರಮಗಳಿರುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎಂದು ಮಾಡಿದ ಮೇಲೆ ಅಲ್ಲೂ ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸಿದ್ದಾರೆ. ನನ್ನ ತಮ್ಮನ ಊರಿನಲ್ಲಿ ಮಕ್ಕಳು ಚೌಕಾಬಾರ, ಅಳಗುಳಿಮಣೆ ಆಡಿದ್ದು, ಕಥೆ ಓದಿದ್ದು ಅಲ್ಲೇ. ಶುಲ್ಕ ಎಷ್ಟು ಎಂದು ಕೇಳುವ ಮೊದಲು ಮಗು ಒಂದೇ ಕೆಲಸದ ಮೇಲೆ ಎಷ್ಟು ದಿನ ಇರುತ್ತದೆ ಎಂದು ಕೇಳಿ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲಿ ಕೂರಿಸುತ್ತಾರೆ, ಕುಡಿಯುವ ನೀರು ಎಲ್ಲಿದೆ, ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು ಎಂಬುದನ್ನು ಕಣ್ಣಾರೆ ನೋಡಿ ಬನ್ನಿ. ಒಳಗೆ ಬಿಡದ ಶಿಬಿರವಾದರೆ ಹಿಂದಿರುಗಿ ಬನ್ನಿ.

ಮೇಳ ಮುಗಿದದ್ದು ಮೇ ತಿಂಗಳಲ್ಲಿ. ಊರು ಸುತ್ತಲು ಉಳಿದದ್ದು ಕೃತ್ತಿಕಾ ಮಳೆಯ ದಿನಗಳು. ಉತ್ತರ ಕರ್ನಾಟಕದಲ್ಲಿ ಆಗ ಬಿಸಿಲು ನಲವತ್ತು ಡಿಗ್ರಿ ಮುಟ್ಟಿರುತ್ತದೆ. ಸಂಜೆ ಗುಡುಗು, ಗಾಳಿ. ಮಡಿಕೇರಿಗೋ ಊಟಿಗೋ ಹೋಗಿ ಎಂದು ನೆಂಟರೆಲ್ಲ ಹೇಳಿದರು. ಆ ದಿನಗಳಲ್ಲಿ ಘಾಟಿ ರಸ್ತೆಯ ವಾಹನಗಳ ಸಾಲಿನಲ್ಲಿ ಮಕ್ಕಳನ್ನು ಗಂಟೆಗಟ್ಟಲೆ ಕೂರಿಸುವುದಕ್ಕಿಂತ, ಬಿಸಿಲಿಗೆ ತಕ್ಕಂತೆ ದಿನವನ್ನು ಕತ್ತರಿಸಿಕೊಂಡು ಬಾದಾಮಿಗೆ ಹೋಗುವುದು ವಾಸಿ ಎಂದು ನಾನು ಹಟ ಹಿಡಿದೆ. ಕತ್ತರಿಸುವುದು ಹೀಗೆ: ಬೆಳಿಗ್ಗೆ ಐದಕ್ಕೆ ಗಾಡಿ ಎತ್ತುವುದು, ಹನ್ನೊಂದರೊಳಗೆ ತಲುಪುವುದು. ನೋಡುವ ಜಾಗವಾದರೆ ಬಾಗಿಲು ತೆಗೆದ ಕೂಡಲೇ ಒಳಗೆ. ಹನ್ನೆರಡರಿಂದ ನಾಲ್ಕರವರೆಗೆ ಊಟ, ನಿದ್ದೆ, ನೆರಳು. ನಾಲ್ಕರ ಮೇಲೆ ಮತ್ತೆ ಹೊರಗೆ. ನಡುಹಗಲಲ್ಲಿ ಯಾವ ಶಿಲ್ಪವನ್ನೂ ಮಕ್ಕಳಿಗೆ ತೋರಿಸಬೇಡಿ, ಅವರು ನೋಡುವುದು ನೆರಳನ್ನು ಮಾತ್ರ.

ರಸ್ತೆಯ ವಿಚಾರ ನನಗೆ ಅನ್ನ ಕೊಟ್ಟ ವಿದ್ಯೆ. ಅದಕ್ಕೇ ಖಡಾಖಂಡಿತವಾಗಿ ಹೇಳುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಎರಡರಿಂದ ಐದರವರೆಗೆ ಸ್ವಂತ ಗಾಡಿ ಓಡಿಸಬೇಡಿ. ಆ ಹೊತ್ತಿನಲ್ಲಿ ದೇಹ ತಾನಾಗಿ ನಿದ್ದೆಗೆ ಎಳೆಯುತ್ತದೆ. ಟೀ ಕುಡಿದರೂ, ಹಾಡು ಹಾಕಿದರೂ ಕಣ್ಣು ತೆರೆದಂತೆಯೇ ಕ್ಷಣಕಾಲ ಮಂಪರು ಕವಿಯುತ್ತದೆ, ಚಾಲಕನಿಗೇ ಗೊತ್ತಾಗುವುದಿಲ್ಲ. ನಾವು ವರ್ಷಗಳ ಅಭ್ಯಾಸದಿಂದ, ಹಗಲು ನಿದ್ದೆ ತೆಗೆದು ಆ ಕೆಲಸ ಮಾಡಿದವರು. ದಿನವಿಡೀ ಕಚೇರಿಯಲ್ಲಿ ದುಡಿದು ರಾತ್ರಿ ಸ್ಟೇರಿಂಗ್ ಹಿಡಿಯುವ ತಂದೆಯಿಂದ ಅದು ಆಗದು. ಬೇಸಿಗೆಯಲ್ಲಿ ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರುತ್ತದೆ ಎಂದು ಗಾಳಿ ಇಳಿಸುವುದು ಅಪಾಯ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ನಿಂತ ಕಾರಿನಲ್ಲಿ ಗಾಜು ಏರಿಸಿ ಮಗುವನ್ನು ಐದು ನಿಮಿಷವೂ ಬಿಡಬಾರದು. ಇನ್ನು ಬೆಲ್ಟ್. ಮಡಿಲಲ್ಲಿ ಕೂರಿಸಿಕೊಂಡರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಾಡಿ ಗುದ್ದಿದಾಗ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು. 2019ರ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡಕ್ಕೆ ಹೆದರಿಯಾದರೂ ಹಾಕಿಸಿ.

ಚಿಕ್ಕವನಿಗೆ ಗಾಡಿಯಲ್ಲಿ ವಾಂತಿ ಬರುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಫೋನು ನೋಡುತ್ತಿರುವ ಕಣ್ಣು ‘ಇಲ್ಲ, ಇಲ್ಲೇ ಇದ್ದೇವೆ’ ಎನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ತೊಳಸುವುದು. ಕಣ್ಣನ್ನು ಕಿಟಕಿಯಾಚೆ, ದೂರದ ಬೆಟ್ಟದ ಮೇಲೆ ಇಡಿಸಿದರೆ ಅರ್ಧ ಕಡಿಮೆಯಾಗುತ್ತದೆ. ಫೋನನ್ನು ಅಜ್ಜಿಯ ಚೀಲಕ್ಕೆ ಹಾಕಿಸಿದ್ದಕ್ಕೆ ಇದೇ ಕಾರಣ. ಆಮೇಲೆ ಅವನು ಕೇಳಲೂ ಇಲ್ಲ. ಕೋರಿಕೆ ನಿಲುಗಡೆಗೆ ಜಾಗ ಹುಡುಕಬೇಕಿತ್ತಲ್ಲ.

ನಾಗಮಂಗಲ, ಬೆಳ್ಳೂರು, ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿ ಹಿರಿಯೂರಿನ ಕಡೆ ಹೋಗುವ ದಾರಿ ಹಿಡಿದೆವು. ತೆಂಗಿನ ಸೀಮೆ ಮುಗಿದು ಕುರುಚಲು ಶುರುವಾಗುವಲ್ಲಿ ಮೊದಲ ಕೋರಿಕೆ ಬಂತು. ರಸ್ತೆ ಬದಿಯ ಹೊಲದಲ್ಲಿ ಕುರಿಮಂದೆ. ಕುರಿಗಾರನ ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಅಂದೇ ಹುಟ್ಟಿದ ಮರಿ. ಹೊಲದ ಒಡೆಯ ಮಳೆಗೆ ಮುಂಚೆ ಮಂದೆಯನ್ನು ತನ್ನ ನೆಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಾನೆ; ಹಿಕ್ಕೆ, ಗಂಜಲ ಮಣ್ಣಿಗೆ ಗೊಬ್ಬರ, ಅದಕ್ಕೆ ಕುರಿಗಾರನಿಗೆ ಕೂಲಿ. ಹುಡುಗ ಕೇಳಿದ್ದು, ‘ಇಷ್ಟೊಂದರಲ್ಲಿ ನಿಮ್ಮ ಕುರಿ ನಿಮಗೆ ಹೇಗೆ ಗೊತ್ತಾಗತ್ತೆ?’ ಆತ ನಗದೆ, ಗಂಭೀರವಾಗಿ ಉತ್ತರ ಹೇಳಿದ: ‘ನಿಮ್ ತರಗತೀಲಿ ನಿನ್ ಗೆಳೆಯರು ಗೊತ್ತಾಗಲ್ವಾ ಮಗಾ, ಹಂಗೆ.’ ಒಂದೊಂದರ ಮುಖವನ್ನೂ ತೋರಿಸಿ ಇದು ಇಂಥದರ ಮರಿ ಎಂದು ಹೇಳುತ್ತಾ ಹೋದ. ಅಲ್ಲಿ ಎಷ್ಟು ಹೊತ್ತು ಹೋಯಿತೋ ನಾನು ಗಡಿಯಾರ ನೋಡಲಿಲ್ಲ.

ಮಾರಿಕಣಿವೆಯಲ್ಲಿ ನಿಂತದ್ದು ಮಾತ್ರ ನನ್ನ ಆಸೆಗೆ, ಮಕ್ಕಳು ತಮ್ಮದೊಂದು ಕೋರಿಕೆಯನ್ನು ತಾತನಿಗೆ ಬಿಟ್ಟುಕೊಟ್ಟರು. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟು. ವಾಣಿವಿಲಾಸ ಸಾಗರ ಎಂಬ ಹೆಸರು ರೀಜೆಂಟ್ ಮಹಾರಾಣಿಯವರದು. ನಾನು ಕಂಡಾಗಲೆಲ್ಲ ಇದರ ತಳದಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿರುತ್ತಿತ್ತು. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ಕೆರೆ ತುಂಬುವುದನ್ನು ನೋಡಲು ಒಂದು ಆಯುಷ್ಯವೇ ಕಾಯಬೇಕಾದ ಸೀಮೆ ಇದು. ನೀರನ್ನು ನೋಡುತ್ತಾ ನಿಂತಾಗ ನನ್ನ ಗಂಟಲು ಕಟ್ಟಿತು. ಮಕ್ಕಳಿಗೆ ಅದು ನೀರು ಅಷ್ಟೇ, ಕಲ್ಲು ಎಸೆದರು. ಇರಲಿ.

ಚಿತ್ರದುರ್ಗದ ಕೋಟೆಯಲ್ಲಿ ಎಲ್ಲರೂ ಹೋಗುವುದು ಓಬವ್ವನ ಕಿಂಡಿಗೆ. 1972ರ ನಾಗರಹಾವು ಚಿತ್ರ ನೋಡಿದ ನಮ್ಮ ವಯಸ್ಸಿನವರಿಗೆ ಆ ಕಲ್ಲುಸಂದಿನ ಎದುರು ನಿಂತರೆ ಈಗಲೂ ಮೈ ನವಿರೇಳುತ್ತದೆ. ನನ್ನ ಹೆಂಡತಿ ಕಥೆ ಹೇಳಿದಳು, ದೊಡ್ಡವಳು ಕಿಂಡಿಯಲ್ಲಿ ತೆವಳಿ ಆಚೆಯಿಂದ ತಲೆ ಹಾಕಿದಳು, ಚಿಕ್ಕವನು ಕಾಲ್ಪನಿಕ ಒನಕೆ ಎತ್ತಿದ. ಇವರಿಬ್ಬರೂ ಬಹಳ ಹೊತ್ತು ಉಳಿದದ್ದು ಅಲ್ಲಲ್ಲ, ಹೊಂಡಗಳ ಹತ್ತಿರ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯಿಂದ ಬಂಡೆಗೆ ಜಾರಿ, ಮೇಲಿನ ಹೊಂಡ ತುಂಬಿ, ಅದರ ಹೆಚ್ಚುವರಿ ಕೆಳಗಿನದಕ್ಕೆ ಇಳಿಯುವ ಹಾಗೆ ನಾಯಕರ ಕಾಲದವರು ಕಟ್ಟಿದ್ದಾರೆ. ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿಯರ ಹೊಂಡ. ಶತ್ರು ಮುತ್ತಿಗೆ ಹಾಕಿ ಕೂತರೆ ಒಳಗಿನವರು ಬದುಕಬೇಕಾದರೆ ಗೋಡೆ ಸಾಲದು, ನೀರು ಬೇಕು. ಮಕ್ಕಳು ಕುಡಿಯುವ ಬಾಟಲಿಯ ನೀರನ್ನು ಬಂಡೆಯ ಮೇಲೆ ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ಬೆನ್ನಟ್ಟಿದರು. ನೀರು ದುಂದು ಮಾಡಬೇಡಿ ಎಂದು ಅವರಜ್ಜಿ ಗದರಿದಳು. ನಾನು ಇನ್ನೊಂದು ಬಾಟಲಿ ಕೊಟ್ಟೆ.

ಅಲ್ಲಿಂದ ಹೊಸಪೇಟೆ ಮೂಲಕವೇ ಹೋದರೂ ಹಂಪಿಗೆ ಇಳಿಯಲಿಲ್ಲ. ಇದನ್ನು ಕೇಳಿದವರೆಲ್ಲ ಹುಬ್ಬೇರಿಸುತ್ತಾರೆ. ದಾರಿಯಲ್ಲಿದೆ ಎಂದು ಹಂಪಿಯನ್ನು ಎರಡು ಗಂಟೆಯಲ್ಲಿ ಮುಗಿಸುವುದು ಹಂಪಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಕುಷ್ಟಗಿ, ಇಳಕಲ್, ಹುನಗುಂದ ದಾಟಿ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಬಾದಾಮಿ ಸೇರಿದೆವು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಸೇರಿದ ಈ ಸಿಹಿ ಬಿಸಿಲಿಗೆ ಕೆಡುವುದಿಲ್ಲ, ದಾರಿಗೆ ಬುತ್ತಿಯಾಗುತ್ತದೆ.

ಬಾದಾಮಿ. ಇಲ್ಲಿ ತಂಗಿದೆವು, ಬೇರೆ ಊರುಗಳನ್ನು ಇಲ್ಲಿಂದಲೇ ಹೋಗಿ ಬಂದು ನೋಡಿದೆವು. ದಿನಕ್ಕೊಂದು ಹೋಟೆಲು ಬದಲಿಸಿದರೆ ಮಕ್ಕಳ ಅರ್ಧ ದಿನ ಚೀಲ ತುಂಬುವುದರಲ್ಲಿ, ಬಿಚ್ಚುವುದರಲ್ಲಿ ಹೋಗುತ್ತದೆ. ಇಲ್ಲಿ ಕಲ್ಲು ಬೇರೆ. ಚಿತ್ರದುರ್ಗದ ಗ್ರಾನೈಟ್ ಬಂಡೆ ಉರುಟು, ನುಣುಪು. ಬಾದಾಮಿಯ ಕೆಂಪು ಮರಳುಗಲ್ಲು ಪದರ ಪದರ, ಕೈ ಸವರಿದರೆ ಒರಟು. ಈ ವ್ಯತ್ಯಾಸವನ್ನು ಮಕ್ಕಳು ಅಂಗೈಯಲ್ಲೇ ತಿಳಿದರು. ಮರಳುಗಲ್ಲು ಕಡಿಯಲು ಮೆತು, ಅದಕ್ಕೇ ಚಾಲುಕ್ಯರು ಬೆಟ್ಟವನ್ನೇ ಕೊರೆದು ಗುಹೆ ಮಾಡಿದರು. ಮೂರನೆಯ ಗುಹೆಯ ಶಾಸನದಿಂದ ಅದು ಕ್ರಿ.ಶ. 578ರದು ಎಂದು ತಿಳಿಯುತ್ತದೆ. ಒಂದು ಮಾತು ಎಲ್ಲ ಪೋಷಕರಿಗೂ ತಿಳಿದಿರಲಿ: ಪುರಾತತ್ವ ಇಲಾಖೆಯ ಈ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಗುಹೆಯ ಮೆಟ್ಟಿಲು ಹತ್ತುವ ಮೊದಲೇ ದೊಡ್ಡವಳ ಕೋರಿಕೆ. ಮೆಟ್ಟಿಲ ಪಕ್ಕದ ಗೋಡೆ ಮೇಲೆ ಸಾಲು ಕೋತಿ. ‘ತಾತಾ, ಇವು ಚಾಮುಂಡಿ ಬೆಟ್ಟದವುಗಳ ಥರ ಕೂತಿಲ್ಲ, ಬೇರೆ ಥರ ಕೂತಿವೆ.’ ನಿಜ, ಇಲ್ಲಿನ ಬಂಡೆ ಬೇಗ ಕಾಯುತ್ತದೆ. ಎಲ್ಲವೂ ಗೋಡೆಯ ನೆರಳಿಗೆ ಬೆನ್ನು ಕೊಟ್ಟು, ಕಾಲು ಮಡಚಿಕೊಂಡು ಕೂತಿದ್ದವು. ತಿನ್ನುವುದನ್ನೆಲ್ಲ ಚೀಲದೊಳಗೆ ಬಚ್ಚಿಟ್ಟು, ಅವಳ ಪಕ್ಕದಲ್ಲಿ ನಾವೂ ಕೂತೆವು. ಪ್ರವಾಸಿಗರ ಗುಂಪೊಂದು ಹತ್ತಿ ಹೋಗಿ ಇಳಿದು ಬಂದರೂ ನಾವಿನ್ನೂ ಕೆಳಗೇ ಇದ್ದೆವು.

ಆಮೇಲೆ ಮೊದಲನೆಯ ಗುಹೆ. ಬಲಗಡೆ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ಒಂದೊಂದು ಜೋಡಿ ಕೈ ತೆಗೆದುಕೊಂಡರೆ ಒಂದೊಂದು ಭಂಗಿ. ಅಲ್ಲಿನ ಗೈಡ್ ಎಂಬತ್ತೊಂದು ಭಂಗಿ ಎಂದು ಲೆಕ್ಕ ಹೇಳಿದರು. ಹುಡುಗಿ ಎದುರು ನಿಂತು ಒಂದೊಂದಾಗಿ ಹಾಕಿ ನೋಡಿದಳು. ಮೇಳದಲ್ಲಿ ಮೈಯನ್ನು ಹಾಗೆ ಬಳಸಿ ಅಭ್ಯಾಸವಿಲ್ಲದಿದ್ದರೆ ಜನರ ಎದುರು ನಾಚುತ್ತಿದ್ದಳು. ಒಂದು ಕೈ ಇಟ್ಟು ಇನ್ನೊಂದನ್ನು ಎತ್ತುವಾಗ ಸೊಂಟ ತಾನಾಗಿ ತಿರುಗುವುದನ್ನು ಕಂಡುಕೊಂಡು, ‘ಕಲ್ಲಲ್ಲೂ ಹಂಗೇ ತಿರುಗಿದೆ ನೋಡಿ’ ಎಂದು ತೋರಿಸಿದಳು. ಚಿಕ್ಕವನಿಗೆ ಹಿಡಿಸಿದ್ದು ಗುಹೆಗಳ ಜಗಲಿಯ ಅಂಚಿನಲ್ಲಿ ಸಾಲಾಗಿರುವ ಕುಳ್ಳ ಗಣಗಳು. ಹಲ್ಲು ಕಿರಿಯುವವು, ಹೊಟ್ಟೆ ಬಿಟ್ಟವು, ವಾದ್ಯ ಬಾರಿಸುವವು. ತಮಟೆಯವನಲ್ಲವೇ, ವಾದ್ಯ ಹಿಡಿದವರನ್ನೆಲ್ಲ ಹುಡುಕಿ ಬೆರಳಿಟ್ಟು ಎಣಿಸಿದ. ಸಾವಿರದ ನಾನೂರು ವರ್ಷದ ಹಿಂದಿನ ಶಿಲ್ಪಿ ಮಗುವಿನ ಕಣ್ಣಿನ ಎತ್ತರದಲ್ಲಿ ಇವನ್ನು ಕೆತ್ತಿದ್ದಾನೆ, ನಾವು ತಲೆಯೆತ್ತಿ ಹೋಗಿಬಿಡುತ್ತೇವೆ.

ನಡುಹಗಲಿಗೆ ಬನಶಂಕರಿ. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು ಹೊತ್ತು ಮಾರುತ್ತಾರೆ. ‘ಬರ್ರೀ ಯಜಮಾನ್ರ, ಕುಂದರ್ರಿ. ಕೂಸಿಗೆ ಖಾರ ಹಚ್ಚಂಗಿಲ್ಲ, ಮೊಸರಾಗ ಕಲಸಿ ಕೊಡ್ತೀನಿ’ ಎಂದ ಆ ತಾಯಿ, ಬೆಂಗಳೂರಿನ ಹುಡುಗ ರೊಟ್ಟಿ ಮುರಿಯುವ ರೀತಿ ನೋಡಿ ತಾವೇ ಮುರಿದು ತೋರಿಸಿದರು. ಬಿಸಿಲಿನ ಊರಿನ ಊಟ ಇದು, ಹೊಟ್ಟೆ ತಣ್ಣಗಿರುತ್ತದೆ. ಸಂಜೆ ಮಹಾಕೂಟದ ಪುಷ್ಕರಣಿ. ಊಟೆಯ ನೀರು, ಬೇಸಿಗೆಯಲ್ಲೂ ತಿಳಿ. ಊರಿನ ಹುಡುಗರು ಕಟ್ಟೆಯಿಂದ ಧುಮುಕುತ್ತಿದ್ದರು, ಇವರಿಬ್ಬರೂ ಮೆಟ್ಟಿಲಲ್ಲಿ ಕುಳಿತು ನೆನೆದರು. ಅವರ ಲೆಕ್ಕದಲ್ಲಿ ಈ ಪ್ರವಾಸದ ಅತಿ ದೊಡ್ಡ ಸ್ಮಾರಕ ಅದೇ.

ಪಟ್ಟದಕಲ್ಲಿನಲ್ಲಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಗುಂಪಿನಲ್ಲಿ, ನಾನು ಮಕ್ಕಳಿಗೆ ಒಂದೇ ದೇವಸ್ಥಾನ ತೋರಿಸಿದೆ, ವಿರೂಪಾಕ್ಷ. ಕಂಚಿಯ ಮೇಲೆ ಗಂಡ ಎರಡನೆಯ ವಿಕ್ರಮಾದಿತ್ಯ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಂಬಗಳ ಮೇಲೆಲ್ಲ ಕಥೆ. ರಾವಣನನ್ನು ತಡೆಯುವ ಜಟಾಯುವನ್ನು ಹುಡುಕಿ ಎಂದು ಬಿಟ್ಟೆವು, ಮೂಲೆ ಮೂಲೆ ಜಾಲಾಡಿದರು. ಐಹೊಳೆಗೆ ಮರುದಿನ ಬೆಳಿಗ್ಗೆ. ಮೇಗುಟಿ ಬೆಟ್ಟದಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಪುಲಕೇಶಿ ಹರ್ಷನನ್ನು ಸೋಲಿಸಿದ ಪಾಠವನ್ನು ದೊಡ್ಡವಳು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಅದು ಬರೆದಿಟ್ಟ ಕಲ್ಲು ಇಲ್ಲೇ ಇದೆ ಎಂದಾಗ ನಂಬಲಾರದೆ ಎರಡು ಸಲ ಕೇಳಿದಳು.

ವಿಜಯಪುರದ ಗೋಲಗುಮ್ಮಟಕ್ಕೆ ಬೆಳಿಗ್ಗೆ ಜನ ಸೇರುವ ಮುಂಚೆ ಹೋಗಬೇಕು. ತಡವಾದರೆ ಅಲ್ಲಿ ಕೇಳುವುದು ಬರೀ ಕಿರುಚಾಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಒಳಗೆ ಒಂದೇ ಒಂದು ಕಂಬವಿಲ್ಲ, ಮೇಲೆ ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ. ಮೂಲೆಯ ಏಳಂತಸ್ತಿನ ಗೋಪುರದ ಕಿರಿದಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆ ಸೇರಿದೆವು. ಎಲ್ಲ ಮಕ್ಕಳ ಹಾಗೆ ಇವರೂ ಮೊದಲು ಕೂಗಿದರು. ಆಮೇಲೆ ಚಿಕ್ಕವನು ಮೇಳದ ತಾಳವನ್ನು ಚಪ್ಪಾಳೆಯಲ್ಲಿ ಹಾಕಿದ. ಹೋದ ಚಪ್ಪಾಳೆಗಳು ಮರಳಿ ಬಂದು ಹೊಸವುಗಳ ಮೇಲೆ ಬಿದ್ದು ಎಲ್ಲ ಕಲಸಿಹೋಯಿತು. ಅವನಿಗೆ ಸಿಟ್ಟು. ಆಗ ಅವನ ಅಕ್ಕ, ‘ಅದಕ್ಕೂ ಟೈಮ್ ಕೊಡೋ’ ಎಂದಳು. ಒಂದೇ ಪೆಟ್ಟು ಹಾಕಿ, ಅದು ಏಳೆಂಟು ಸಲ ಸುತ್ತಿ ಸಣ್ಣಗಾಗಿ ನಿಲ್ಲುವವರೆಗೆ ಕಾದು, ಮತ್ತೊಂದು ಹಾಕಿದ. ಹಾಗೆ ನಿಧಾನಕ್ಕೆ ಗುಮ್ಮಟದ ಜೊತೆ ಒಂದು ತಾಳ ಕೂಡಿತು. ಸದ್ದು ಗೋಡೆಗೆ ಬಡಿದು ಹಿಂದಿರುಗಲು ಹತ್ತನೇ ಒಂದು ಸೆಕೆಂಡಾದರೂ ತಡವಾದರೆ ನಮ್ಮ ಕಿವಿ ಅದನ್ನು ಬೇರೆಯಾಗಿ ಕೇಳುತ್ತದೆ. ಪಿಸುಮಾತಾದರೆ ಬಾಗಿದ ಗೋಡೆಯನ್ನೇ ಹಿಡಿದುಕೊಂಡು ಎದುರು ಬದಿಯವರೆಗೆ ಹೋಗುತ್ತದೆ. ಇದನ್ನು ನಾನು ವಿವರಿಸುವ ಮೊದಲೇ ಇಬ್ಬರೂ ಆಚೆ ಈಚೆ ಕೂತು ಗೋಡೆಗೆ ಕೆನ್ನೆಯಿಟ್ಟು ನನ್ನಿಂದ ಮುಚ್ಚಿಟ್ಟು ಏನೋ ಮಾತಾಡಿಕೊಂಡರು. ಏನೆಂದು ಈವರೆಗೂ ಹೇಳಿಲ್ಲ.

ಸ್ವಂತ ಕಾರಿಲ್ಲದವರು ಇದನ್ನು ಓದಿ ನಿಟ್ಟುಸಿರು ಬಿಡಬೇಕಾಗಿಲ್ಲ. ಗೋಲಗುಮ್ಮಟ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ಬೆಂಗಳೂರು, ಹುಬ್ಬಳ್ಳಿ, ಗದಗ ಮಾರ್ಗವಾಗಿ ಬಾದಾಮಿ, ವಿಜಯಪುರಗಳಿಗೆ ಹೋಗುತ್ತದೆ. ಮಕ್ಕಳು ರಾತ್ರಿ ನಿದ್ದೆಯಲ್ಲೇ ಹೆಚ್ಚಿನ ದಾರಿ ಸವೆಸುತ್ತಾರೆ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್, ಹೊರಗೆ ಆಟೊ ಸಿಗುತ್ತದೆ. ಅಲ್ಲಿಂದ ಪಟ್ಟದಕಲ್ಲು 22 ಕಿಲೋಮೀಟರ್, ಐಹೊಳೆ ಅದರ ಮುಂದೆ; ಎರಡಕ್ಕೂ ನಮ್ಮ ಕೆಂಪು ಬಸ್ಸು ಹೋಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೂ ಅಜ್ಜಿಗೂ ಮೊಮ್ಮಗಳಿಗೂ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಮರೆಯಬೇಡಿ. ಗಂಡುಮಕ್ಕಳಿಗೆ ಆರು ವರ್ಷದವರೆಗೆ ಉಚಿತ, ಹನ್ನೆರಡರವರೆಗೆ ಅರ್ಧ. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದ ಕೂಡಲೇ ನಿಯಂತ್ರಕರ ಕೊಠಡಿಯಲ್ಲಿ ವಾಪಸು ಬರುವ ಕೊನೆಯ ಬಸ್ಸಿನ ವೇಳೆ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಅದನ್ನು ಮಕ್ಕಳ ಕೈಗೇ ಕೊಡಿ. ಅಷ್ಟರೊಳಗೆ ಎಲ್ಲೆಲ್ಲಿ ಎಷ್ಟೆಷ್ಟು ನಿಲ್ಲಬೇಕು ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ.